ಹಿರಿಯರ ಟೊರಾಂಟೊ ಪ್ರವಾಸ: ಹೊರಡುವ ಮುನ್ನ ಆರೋಗ್ಯದ ಸಿದ್ಧತೆ

ಬೇಸಿಗೆಯ ರಜೆ ಬಂದಿತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಸಂಭ್ರಮವೊಂದೇ ಇದ್ದ ಕಾಲವಿತ್ತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆಯುವುದಕ್ಕೆ ಮೊದಲು ನಮ್ಮ ಕರಾವಳಿಯ ಬಂಧುಗಳು ಬಸ್ಸಿನಲ್ಲಿ ಹಗಲಿರುಳು ಮೈ ನೋಯಿಸಿಕೊಂಡು ಊರು ಸೇರುತ್ತಿದ್ದರು. ಈಗ ಮಾಟುಂಗ, ಮುಲುಂಡ್, ಬೊರಿವಲಿ, ಡೊಂಬಿವಲಿಗಳಲ್ಲಿ ನೆಲೆಸಿರುವ ಹಲವು ಹಿರಿಯ ದಂಪತಿಗಳಿಗೆ ಬೇಸಿಗೆಯ ಊರು ಕೆನಡಾದ ಟೊರಾಂಟೊ ಆಗಿದೆ. ಕೆನಡಾ ದೇಶವು 1967ರಲ್ಲಿ ವಿದ್ಯೆ ಮತ್ತು ಕೆಲಸದ ಅರ್ಹತೆಗೆ ಅಂಕ ಕೊಟ್ಟು ವಲಸಿಗರನ್ನು ಆರಿಸಿಕೊಳ್ಳುವ ಪದ್ಧತಿಯನ್ನು ತಂದ ಮೇಲೆ ನಮ್ಮವರಿಗೆ ಆ ಬಾಗಿಲು ತೆರೆಯಿತು. ಅಂದು ಹೋದವರ ಮಕ್ಕಳು ಅಲ್ಲಿಯೇ ದೊಡ್ಡವರಾದರು. ಅನಂತರ ಹೋದವರು ಮಿಸ್ಸಿಸಾಗಾ, ಬ್ರ್ಯಾಂಪ್ಟನ್ ಮೊದಲಾದ ಪಕ್ಕದ ನಗರಗಳಲ್ಲಿ ಮನೆ ಮಾಡಿಕೊಂಡು ಅಪ್ಪ ಅಮ್ಮಂದಿರನ್ನು ಕರೆಯುತ್ತಿದ್ದಾರೆ.

ಹೋಗಬೇಕಾದ ಕಾಲ ಯಾವುದೆಂಬುದು ಸುಲಭದ ಪ್ರಶ್ನೆ. ಜೂನ್ ನಡುವಿನಿಂದ ಸೆಪ್ಟೆಂಬರ್ ಆರಂಭದವರೆಗಿನ ಅವಧಿ ನಮ್ಮ ದೇಹಪ್ರಕೃತಿಗೆ ಒಗ್ಗುತ್ತದೆ. ಜುಲೈ ತಿಂಗಳಲ್ಲಿ ಹಗಲಿನ ಉಷ್ಣತೆ ಸಾಮಾನ್ಯವಾಗಿ 27 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಜೂನ್ ಕೊನೆಯಲ್ಲಿ ಸೂರ್ಯನು ರಾತ್ರಿ ಒಂಬತ್ತು ಗಂಟೆಗೆ ಮುಳುಗುತ್ತಾನೆ. ಆದರೆ ಒಂಟಾರಿಯೊ ಸರೋವರದ ದಡದ ಈ ನಗರದಲ್ಲಿ ಕೆಲವು ದಿನ ಸೆಕೆಯೂ ತೇವವೂ ಕೂಡಿ ಮುಂಬಯಿಯ ಮೇ ತಿಂಗಳನ್ನೇ ನೆನಪಿಸುತ್ತವೆ. 2023ರ ಜೂನ್‌ನಲ್ಲಿ ಕಾಳ್ಗಿಚ್ಚಿನ ಹೊಗೆ ಕವಿದು ನಗರದ ಗಾಳಿ ಬಹಳ ಕೆಟ್ಟಿತ್ತು. ಆಗಸ್ಟಿನಲ್ಲಿ ಒಂದು ಬಗೆಯ ಕಳೆಗಿಡದ ಪರಾಗ ಹಾರತೊಡಗುತ್ತದೆ. ಆದುದರಿಂದ ದಮ್ಮಿನ ತೊಂದರೆಯುಳ್ಳವರು ತಮ್ಮ ಇನ್‌ಹೇಲರನ್ನು, ಇಲ್ಲಿ ಉಬ್ಬಸ ತಗ್ಗಿದೆಯೆಂದು ಬಿಟ್ಟು ಹೋಗಬಾರದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕೆನಡಾದಲ್ಲಿ ವೈದ್ಯಕೀಯ ಚಿಕಿತ್ಸೆ ಉಚಿತವೆಂಬ ಮಾತು ನಮ್ಮಲ್ಲಿ ಬಹಳವಾಗಿ ಹಬ್ಬಿದೆ. ಅದು ಅಲ್ಲಿನ ನಿವಾಸಿಗಳ ಮಟ್ಟಿಗೆ ನಿಜ. ಒಂಟಾರಿಯೊ ಪ್ರಾಂತದ ಸರಕಾರಿ ಆರೋಗ್ಯ ವಿಮೆಯಲ್ಲಿ ಸಂದರ್ಶಕರಾಗಿ ಬಂದ ತಂದೆತಾಯಿಗಳಿಗೆ ಸ್ಥಾನವಿಲ್ಲ. ಆಸ್ಪತ್ರೆಯಲ್ಲಿ ಒಂದು ವಾರ ಮಲಗಿದರೆ ಬರುವ ಬಿಲ್ಲು, ಇಲ್ಲಿ ಸೇವಾವಧಿಯಿಡೀ ಕೂಡಿಟ್ಟ ಪ್ರಾವಿಡೆಂಟ್ ಫಂಡನ್ನು ಕರಗಿಸಬಲ್ಲುದು. ತಂದೆತಾಯಿ ಕೊಡದಿದ್ದರೆ ಮನೆಯ ಸಾಲ ತೀರಿಸುತ್ತಿರುವ ಮಗನೋ ಮಗಳೋ ಕೊಡಬೇಕಾಗುತ್ತದೆ.

ಕೆನಡಾದ ಪೌರರು ಅಥವಾ ಖಾಯಂ ನಿವಾಸಿಗಳಾದವರ ತಂದೆತಾಯಿ, ಅಜ್ಜ ಅಜ್ಜಿಯರಿಗಾಗಿ 2011ರ ಡಿಸೆಂಬರಿನಿಂದ 'ಸೂಪರ್ ವೀಸಾ' ಎಂಬ ವ್ಯವಸ್ಥೆ ಇದೆ. 2022ರ ಜುಲೈಯಿಂದ ಇದರಲ್ಲಿ ಒಂದೇ ಸಲಕ್ಕೆ ಐದು ವರ್ಷಗಳವರೆಗೂ ಇರಬಹುದು. ಇದಕ್ಕೆ ವೈದ್ಯಕೀಯ ಪರೀಕ್ಷೆಯೂ, ಕನಿಷ್ಠ 1,00,000 ಕೆನಡಿಯನ್ ಡಾಲರುಗಳ ಆರೋಗ್ಯ ವಿಮೆಯೂ ಕಡ್ಡಾಯ. ಮಕ್ಕಳು ವಿದ್ಯಾರ್ಥಿಗಳಾಗಿದ್ದರೆ ಅಥವಾ ತಾತ್ಕಾಲಿಕ ಕೆಲಸದ ಪರವಾನಗಿಯ ಮೇಲಿದ್ದರೆ ಈ ವೀಸಾ ಸಿಗದು. ಸಾಮಾನ್ಯ ಸಂದರ್ಶಕ ವೀಸಾ ಪಡೆಯಬೇಕು. ಅದರಲ್ಲಿ ರೂಢಿಯಾಗಿ ಆರು ತಿಂಗಳ ವಾಸಕ್ಕೆ ಅವಕಾಶ. ಬೇಸಿಗೆಯ ಭೇಟಿಗೆ ಅಷ್ಟು ಧಾರಾಳವಾಗಿ ಸಾಕು. ಆದರೆ ಈ ಸಾಮಾನ್ಯ ವೀಸಾಕ್ಕೆ ವಿಮೆ ಕಡ್ಡಾಯವಲ್ಲವಾದುದರಿಂದ, "ಎರಡೇ ತಿಂಗಳಲ್ಲವೇ, ಏನಾಗುತ್ತದೆ" ಎಂದು ಅದನ್ನು ಕೈಬಿಡುವವರಿದ್ದಾರೆ. ಅರುವತ್ತೈದು ದಾಟಿದವರು ಹಾಗೆ ಹೊರಡುವುದು ಧೈರ್ಯವಲ್ಲ, ಅವಿವೇಕ.

ವಿಮೆ ಕೊಂಡರೂ ಕೆಲಸ ಮುಗಿಯುವುದಿಲ್ಲ. ಮಧುಮೇಹ, ರಕ್ತದೊತ್ತಡ, ಹೃದ್ರೋಗ ಮುಂತಾಗಿ ಮೊದಲೇ ಇರುವ ಕಾಯಿಲೆಗಳನ್ನು ಕೆಲವು ಪಾಲಿಸಿಗಳು ಪೂರ್ತಿಯಾಗಿ ಹೊರಗಿಡುತ್ತವೆ. ಒಳಗೊಳ್ಳುವ ಪಾಲಿಸಿಗಳಲ್ಲಿಯೂ ಒಂದು ಷರತ್ತು ಇರುತ್ತದೆ: ವಿಮೆ ಆರಂಭವಾಗುವುದಕ್ಕೆ ಮುಂಚಿನ ಇಂತಿಷ್ಟು ದಿನ, ಸಾಮಾನ್ಯವಾಗಿ 90 ಅಥವಾ 180 ದಿನ, ಆ ಕಾಯಿಲೆ ಒಂದೇ ಸ್ಥಿತಿಯಲ್ಲಿರಬೇಕು. ಈ ಅವಧಿಯಲ್ಲಿ ಹೊಸ ಲಕ್ಷಣ ಕಾಣಿಸಬಾರದು, ಹೊಸ ಔಷಧ ಸೇರಬಾರದು. ಹಳೆಯ ಗುಳಿಗೆಯ ಪ್ರಮಾಣ ಬದಲಾದರೂ ಸ್ಥಿತಿ ಬದಲಾಯಿತೆಂದೇ ಅನೇಕ ಪಾಲಿಸಿಗಳು ಎಣಿಸುತ್ತವೆ.

ನಮ್ಮವರ ಪದ್ಧತಿಯನ್ನು ನೆನೆದರೆ ಇದರ ಅಪಾಯ ಸ್ಪಷ್ಟವಾಗುತ್ತದೆ. ಡೊಂಬಿವಲಿಯ ನಿವೃತ್ತರೊಬ್ಬರು ಜೂನ್ 15ಕ್ಕೆ ಹೊರಡುವವರೆಂದು ಊಹಿಸಿಕೊಳ್ಳೋಣ. ವೀಸಾ ಬಂದು, ಟಿಕೆಟು ಕೈಸೇರಿ, ಉಪ್ಪಿನಕಾಯಿ ಹಪ್ಪಳಗಳ ಗಂಟು ಕಟ್ಟಿಯಾದ ಮೇಲೆ ಜೂನ್ ಮೊದಲ ವಾರದಲ್ಲಿ ಅವರಿಗೆ ಡಾಕ್ಟರರ ನೆನಪಾಗುತ್ತದೆ. ಡಾಕ್ಟರರು ರಕ್ತದೊತ್ತಡ ನೋಡಿ, ದೂರದ ಪ್ರಯಾಣವೆಂದು ಗುಳಿಗೆಯನ್ನು ಸ್ವಲ್ಪ ಏರಿಸುತ್ತಾರೆ. ಚಿಕಿತ್ಸೆ ಸರಿಯಾದುದೇ. ಆದರೆ ಜುಲೈಯಲ್ಲಿ ಅಲ್ಲಿ ಎದೆನೋವು ಬಂದರೆ ವಿಮಾ ಕಂಪನಿಯು ಮುಂಬಯಿಯ ಕಾಗದಪತ್ರಗಳನ್ನು ತರಿಸಿ ನೋಡಿ, ಹಣ ಕೊಡಲು ನಿರಾಕರಿಸಬಹುದು. ಅದೇ ಪರೀಕ್ಷೆಯನ್ನು ನವೆಂಬರ್ ಡಿಸೆಂಬರಿನಲ್ಲಿ ಮಾಡಿಸಿದ್ದರೆ, ಮಾಡಬೇಕಾದ ಬದಲಾವಣೆಗಳೆಲ್ಲ ಮುಗಿದು ಆರು ತಿಂಗಳು ಸಂದಿರುತ್ತಿದ್ದವು. ಬೇಸಿಗೆಯ ಪ್ರವಾಸಕ್ಕೆ ಚಳಿಗಾಲದಲ್ಲಿಯೇ ವೈದ್ಯರನ್ನು ಕಾಣಬೇಕೆನ್ನುವುದು ಈ ಕಾರಣಕ್ಕೆ. ಆದರೂ ಕೊನೆಯ ಗಳಿಗೆಯಲ್ಲಿ ಔಷಧ ಬದಲಿಸುವ ಅಗತ್ಯ ನಿಜವಾಗಿ ಬಂದರೆ, ವಿಮೆಗಾಗಿ ಚಿಕಿತ್ಸೆಯನ್ನು ತಡೆಯಬಾರದು. ವಿಮೆಯವರಿಗೆ ತಿಳಿಸಬೇಕು, ಬೇಕಾದರೆ ಪ್ರಯಾಣವನ್ನೇ ಮುಂದೂಡಬೇಕು. ಅರ್ಜಿಯ ಪ್ರಶ್ನೆಗಳಿಗೆ ಉತ್ತರ ಬರೆಯುವ ಕೆಲಸವನ್ನು ಏಜೆಂಟರಿಗೋ ಅವಸರದಲ್ಲಿರುವ ಮಗನಿಗೋ ಬಿಡದೆ ತಾವೇ ಕುಳಿತು ಬರೆಸಬೇಕು. ಹತ್ತು ವರ್ಷದ ಹಿಂದಿನ ಆಂಜಿಯೋಪ್ಲಾಸ್ಟಿಯನ್ನು ಮುಚ್ಚಿಟ್ಟರೆ ಪಾಲಿಸಿಯೇ ರದ್ದಾಗಬಹುದು.

ಔಷಧಗಳ ವಿಷಯದಲ್ಲಿಯೂ ಒಂದು ಮಿತಿಯುಂಟು. ವೈದ್ಯರು ಬರೆದುಕೊಟ್ಟ ಔಷಧವನ್ನು 90 ದಿನಗಳಿಗೆ ಅಥವಾ ಒಂದು ಚಿಕಿತ್ಸಾಕ್ರಮಕ್ಕೆ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು, ಸ್ವಂತ ಉಪಯೋಗಕ್ಕಾಗಿ ಒಯ್ಯಬಹುದು. ಮೂರು ತಿಂಗಳಿಗಿಂತ ಹೆಚ್ಚು ಇರುವವರು ಅಲ್ಲಿನ ವೈದ್ಯರಿಂದ ಚೀಟಿ ಪಡೆಯಬೇಕಾದೀತು. ಆಗ ನಮ್ಮ ಕಂಪನಿಗಳಿಟ್ಟ ವ್ಯಾಪಾರನಾಮ ಅಲ್ಲಿ ಯಾರಿಗೂ ಅರ್ಥವಾಗದು. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಎಂಬ ಮೂಲನಾಮಗಳನ್ನೂ ಮಿಲಿಗ್ರಾಮುಗಳನ್ನೂ ಡಾಕ್ಟರರಿಂದ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ನಮ್ಮ ಕೆಮಿಸ್ಟರು ಗುಳಿಗೆಯ ಪಟ್ಟಿಯನ್ನು ಕತ್ತರಿಸಿ ಕೊಡುವುದುಂಟು. ಹೆಸರೂ ತಾರೀಖೂ ಕತ್ತರಿಗೆ ಬಲಿಯಾದ ಆ ತುಂಡುಗಳು ಬೇಡ. ಪೂರ್ತಿ ಪಟ್ಟಿಗಳನ್ನೇ ಬಿಲ್ಲಿನೊಡನೆ ಕೇಳಿ ಪಡೆಯಬೇಕು.

ಎಲ್ಲ ಔಷಧಗಳೂ ಕೈಚೀಲದಲ್ಲಿರಲಿ. ಇನ್ಸುಲಿನ್ ಅಂತೂ ವಿಮಾನದ ಹೊಟ್ಟೆಗೆ ಹೋಗಲೇಬಾರದು, ಅಲ್ಲಿನ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಬೇಸಿಗೆಯಲ್ಲಿ ಟೊರಾಂಟೊ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಇಲ್ಲಿ ಬೆಳಗಿನ ಎಂಟಾದಾಗ ಅಲ್ಲಿ ಹಿಂದಿನ ರಾತ್ರಿಯ ಹತ್ತೂವರೆ. ಪ್ರಯಾಣದ ದಿನ ಅಷ್ಟು ಉದ್ದವಾಗುವುದರಿಂದ ಇನ್ಸುಲಿನ್ನಿನ ವೇಳೆಯನ್ನು ಹೇಗೆ ಹೊಂದಿಸಬೇಕೆಂದು ಡಾಕ್ಟರರಿಂದ ಕಾಗದದ ಮೇಲೆ ಬರೆಸಿಕೊಳ್ಳುವುದು ಲೇಸು. ಬಹಳ ಹೊತ್ತು ಕುಳಿತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಗಡ್ಡೆಕಟ್ಟುವ ಸಂಭವವಿದೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಶೌಚಾಲಯಕ್ಕೆ ಏಳಬೇಕಾದೀತೆಂದು ನೀರು ಕುಡಿಯದೆ ಕೂರುವುದು ನಮ್ಮ ತಾಯಂದಿರ ಅಭ್ಯಾಸ. ಬೇಡ.

ನೋಡುವ ಸ್ಥಳಗಳನ್ನು ಮಕ್ಕಳೇ ತೋರಿಸುತ್ತಾರೆ: 553 ಮೀಟರ್ ಎತ್ತರದ ಸಿ.ಎನ್. ಗೋಪುರ, ದೋಣಿಯಲ್ಲಿ ಹೋಗುವ ದ್ವೀಪಗಳು, ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿಯ ನಯಾಗರಾ. ಹಂಬರ್ ಬೇ ಉದ್ಯಾನಕ್ಕೂ ಒಮ್ಮೆ ಕರೆದೊಯ್ಯಲು ಹೇಳಿ. 1985ರ ಜೂನ್ 23ರಂದು ಸ್ಫೋಟಗೊಂಡು ಸಮುದ್ರಕ್ಕೆ ಬಿದ್ದ ಏರ್ ಇಂಡಿಯಾದ 'ಕನಿಷ್ಕ' ವಿಮಾನದ 329 ಮಂದಿಯ ಸ್ಮಾರಕ 2007ರಿಂದ ಅಲ್ಲಿದೆ. ಅವರಲ್ಲಿ ಶಾಲೆಯ ರಜೆಗೆಂದು ಅಜ್ಜ ಅಜ್ಜಿಯರ ಮನೆಗೆ ಹೊರಟ ಮಕ್ಕಳು ಎಷ್ಟೋ ಮಂದಿ.

ಉಳಿದ ದಿನಗಳಲ್ಲಿ ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮನೆ ನಿಃಶಬ್ದವಾಗುತ್ತದೆ. ಲೋಕಲ್ ಹಿಡಿದು ಎಲ್ಲಿಗಾದರೂ ಹೋಗಿಬರುತ್ತಿದ್ದವರಿಗೆ ಕಾರಿಲ್ಲದೆ ಕದಲಲಾಗದ ಆ ಬಡಾವಣೆಗಳು ಒಂದು ಬಗೆಯ ಸೆರೆ. ಮನೆಯ ಹತ್ತಿರದ ಗ್ರಂಥಾಲಯ ಯಾವುದು, ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಮೊದಲ ವಾರದಲ್ಲಿಯೇ ಕಲಿತುಕೊಳ್ಳಬೇಕು. ಟೊರಾಂಟೊದಲ್ಲಿ ಕನ್ನಡ ಸಂಘವೂ ಇದೆ. ಹುಲ್ಲು ಬೆಳೆದ ಕಾಡುದಾರಿಗಳಲ್ಲಿ ರೋಗ ಹರಡುವ ಉಣ್ಣೆಗಳಿರುವುದರಿಂದ ಕಾಲು ಮುಚ್ಚುವ ಉಡುಪು ಧರಿಸಿ, ಮರಳಿದ ಮೇಲೆ ಮೈಕೈ ನೋಡಿಕೊಳ್ಳಬೇಕು. ಒಂಟಿಯಾಗಿರುವಾಗ ತುರ್ತು ಬಂದರೆ 911ಕ್ಕೆ ಫೋನ್ ಮಾಡಬೇಕು. ಇಂಗ್ಲಿಷ್ ತೊಡರಿದರೂ ಓದಿ ಹೇಳುವಂತೆ ಮನೆಯ ವಿಳಾಸವನ್ನೂ ಕಾಯಿಲೆಗಳ ಹೆಸರನ್ನೂ ವಿಮಾ ಪಾಲಿಸಿಯ ಸಂಖ್ಯೆಯನ್ನೂ ದಪ್ಪ ಅಕ್ಷರಗಳಲ್ಲಿ ಬರೆದು ಫೋನಿನ ಬಳಿ ಅಂಟಿಸಿಡಬೇಕು, ಮಕ್ಕಳ ಆಫೀಸಿನ ನಂಬರಿನ ಸಹಿತ.