ಬೆಳಿಗ್ಗೆ ಈಜು, ಮಧ್ಯಾಹ್ನ ಸೈಕಲ್ಲು, ರಾತ್ರಿ ಓಟ!

ಬೆಂಗಳೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಕೂತು ಹೋದರೇ ಸೊಂಟ ಹಿಡಿದುಕೊಳ್ಳುತ್ತದೆ. ಅಷ್ಟೇ ದೂರವನ್ನು, ಅಂದರೆ 180 ಕಿಲೋಮೀಟರನ್ನು, ಸೈಕಲ್ ತುಳಿದು ಮುಗಿಸಬೇಕು. ಅದಕ್ಕೂ ಮೊದಲು ಕಡಲಲ್ಲೋ ಸರೋವರದಲ್ಲೋ 3.8 ಕಿಲೋಮೀಟರ್ ಈಜಿರಬೇಕು. ಸೈಕಲ್ ಇಳಿದ ಮೇಲೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ವಾಪಸ್ ಬಂದಷ್ಟು, 42 ಕಿಲೋಮೀಟರ್ ಚಿಲ್ಲರೆ, ಓಡಬೇಕು. ಎಲ್ಲವೂ ಒಂದೇ ದಿನ! ಹೆಚ್ಚಿನ ಕಡೆ 17 ಗಂಟೆಯ ಗಡುವು. ಒಂದು ನಿಮಿಷ ತಡವಾದರೂ ಲೆಕ್ಕಕ್ಕಿಲ್ಲ.

ಐರನ್‌ಮ್ಯಾನ್ ಟ್ರಯಥ್ಲಾನ್ ಅಂದರೆ ಇದೇ.

ಇದು ಹುಟ್ಟಿದ್ದು ಹರಟೆಯಲ್ಲಿ. ಈಜುಗಾರ ಗಟ್ಟಿಯೋ, ಓಟಗಾರ ಗಟ್ಟಿಯೋ, ಸೈಕಲ್ಲಿನವ ಗಟ್ಟಿಯೋ ಅಂತ ಹವಾಯಿಯಲ್ಲಿ ವಾದ ಎದ್ದಿತು. ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ, ಮೂರನ್ನೂ ಸೇರಿಸಿ ನೋಡೇಬಿಡೋಣ ಎಂದರು. 1978ರ ಫೆಬ್ರವರಿಯಲ್ಲಿ 15 ಜನ ನೀರಿಗಿಳಿದರು, 12 ಜನ ಮುಗಿಸಿದರು. ಗೆದ್ದ ಗಾರ್ಡನ್ ಹ್ಯಾಲರ್ ಟ್ಯಾಕ್ಸಿ ಓಡಿಸುತ್ತಿದ್ದವನು. ಹಿಡಿದದ್ದು 11 ಗಂಟೆ 46 ನಿಮಿಷ 58 ಸೆಕೆಂಡು. ಎರಡನೆಯವನಾದ ಜಾನ್ ಡನ್‌ಬಾರ್‌ನ ಜೊತೆಗಾರರ ಹತ್ತಿರ ನೀರು ಮುಗಿದು, ಓಟದ ನಡುವೆ ಬಿಯರ್ ಕೊಟ್ಟರಂತೆ. ಆಮೇಲಿನದು ಹೇಳಬೇಕೆ?

ನಕ್ಕು ಬಿಡುವ ಮಾತಲ್ಲ ಇದು. 1982ರ ಫೆಬ್ರವರಿಯಲ್ಲಿ ಹವಾಯಿಯ ಕೋನಾದಲ್ಲಿ ಜೂಲಿ ಮಾಸ್ ಎಂಬ 23ರ ಕಾಲೇಜು ಹುಡುಗಿ ಹೆಂಗಸರಲ್ಲಿ ಎಲ್ಲರಿಗಿಂತ ಮುಂದಿದ್ದಳು. ಗೆರೆ ಕಣ್ಣೆದುರಿಗೇ ಇತ್ತು. ಕಾಲು ಮಡಚಿಕೊಂಡವು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಅಷ್ಟರಲ್ಲಿ ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿ ಹೋದಳು. ಜೂಲಿ ಅಂಬೆಗಾಲಿಟ್ಟು ಗೆರೆ ಮುಟ್ಟಿದಾಗ ತಡವಾಗಿದ್ದದ್ದು ಬರೀ 29 ಸೆಕೆಂಡು. ಟೀವಿಯಲ್ಲಿ ಇದನ್ನು ನೋಡಿಯೇ ಜಗತ್ತಿಗೆ ಈ ಆಟದ ಹುಚ್ಚು ಹಿಡಿದದ್ದು.

ಆ ಹುಚ್ಚು ನಮ್ಮ ಕಡೆಗೂ ಬಂದಿದೆ. ಬೆಂಗಳೂರಿನ ಅನು ವೈದ್ಯನಾಥನ್ 2009ರಲ್ಲಿ ಕೆನಡಾಕ್ಕೆ ಹೋಗಿ, ಇದಕ್ಕೂ ದೊಡ್ಡದಾದ ಮೂರು ದಿನದ ಅಲ್ಟ್ರಾಮ್ಯಾನ್ ಮುಗಿಸಿದರು. ಈಜು 10 ಕಿಲೋಮೀಟರ್, ಸೈಕಲ್ಲು 420, ಓಟ 84! ನಟ ಮಿಲಿಂದ್ ಸೋಮನ್ ಐವತ್ತರ ಹೊಸ್ತಿಲಲ್ಲಿ, 2015ರಲ್ಲಿ, ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ 15 ಗಂಟೆ 19 ನಿಮಿಷಕ್ಕೆ ಮುಗಿಸಿದರು. 2019ರಲ್ಲಿ ಗೋವಾಕ್ಕೂ ಐರನ್‌ಮ್ಯಾನ್ ಬಂತು, ಆದರೆ ಅರ್ಧ ದೂರದ್ದು. ಪೂರ್ತಿ ದೂರದ ಆಸೆ ಇದ್ದವರು ಹೆಚ್ಚಾಗಿ ವಿಮಾನವನ್ನೇ ಹತ್ತುತ್ತಾರೆ.

ತೊಡಕು ಶುರುವಾಗುವುದು ಅಲ್ಲೇ. ಬೆವರು ಸುರಿಸಿದರೆ ಸಾಲದು, ಕಾಗದ ಪತ್ರವೂ ಸರಿ ಇರಬೇಕು. ಸ್ವಿಟ್ಜರ್ಲೆಂಡಿಗೆ ಹೋಗುವವರು ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಹೊರಡಲು 15 ದಿನ ಇರುವಾಗ ಹೋದರೆ ದೇವರೇ ಗತಿ. 30,000 ಯೂರೋದ ಪ್ರಯಾಣ ವಿಮೆ ಬೇಕು, ಬ್ಯಾಂಕಿನ ಲೆಕ್ಕ ತೋರಿಸಬೇಕು. ಪ್ರವೇಶ ಶುಲ್ಕವೋ, ಡಾಲರು ಯೂರೋಗಳ ಬಾಬತ್ತು. ಇದು ಜೇಬು ಗಟ್ಟಿ ಇದ್ದವರ ಆಟ ಎಂಬ ಮಾತು ಪೂರಾ ಸುಳ್ಳಲ್ಲ. ವರ್ಷಗಟ್ಟಲೆ ಚೀಟಿ ಕಟ್ಟಿ ದುಡ್ಡು ಕೂಡಿಹಾಕಿದವನಿಗೆ ಆ 17 ಗಂಟೆ ಇನ್ನೂ ಭಾರ.

ತಾಲೀಮು ಸಾಮಾನ್ಯವಾಗಿ ವಾರಕ್ಕೆ ಹತ್ತು ಹದಿನೈದು ಗಂಟೆ, ಅದೂ ಆರೇಳು ತಿಂಗಳು. ಕೆಲಸದ ಮುಂಚೆ ಈಜುಕೊಳ, ಭಾನುವಾರ ಕತ್ತಲಿರುವಾಗಲೇ ನಂದಿ ಬೆಟ್ಟದ ದಾರಿ. 50 ಮೀಟರಿನ ಕೊಳದಲ್ಲಿ 76 ಸಲ ಆ ತುದಿ ಈ ತುದಿ ಮಾಡಿದರೆ 3.8 ಕಿಲೋಮೀಟರ್ ಆಯಿತು. ಆದರೆ ಕೊಳದಲ್ಲಿ ಗೋಡೆ ಇರುತ್ತದೆ, ತಳದಲ್ಲಿ ಗೆರೆ ಕಾಣುತ್ತದೆ. ಸರೋವರದಲ್ಲಿ ಎರಡೂ ಇಲ್ಲ, ಮೇಲೆ ಪಕ್ಕದವನ ಒದೆ ಬೇರೆ. ಸ್ವಿಟ್ಜರ್ಲೆಂಡಿನ ತಣ್ಣನೆಯ ನೀರಿಗೆ ರಬ್ಬರಿನ ವೆಟ್‌ಸೂಟ್ ತೊಡುತ್ತಾರೆ. ಊರಿನಲ್ಲೇ ಅದನ್ನು ಹಾಕಿ ಈಜಿ ನೋಡದಿದ್ದರೆ ಅಂದು ಉಸಿರು ಕಟ್ಟಿದಂತಾಗುತ್ತದೆ. ಕೋನಾದಲ್ಲಿ ಉಲ್ಟಾ: ಸೆಕೆ, ಎದುರು ಗಾಳಿ, ಕಪ್ಪು ಲಾವಾ ಬಂಡೆಯ ಕಾವು. ಬೆಂಗಳೂರಿನ ತಂಪಿನಲ್ಲಿ ಬೆಳೆದವರು ಒಂದೆರಡು ವಾರ ಮುಂಚೆ ಹೋಗಿ ಮೈ ಒಗ್ಗಿಸಿಕೊಳ್ಳಬೇಕು.

ಬಾಯಾರಿತೆಂದು ಬರೀ ನೀರು ಕುಡಿಯುತ್ತ ಹೋಗುವುದೂ ಅಪಾಯ. ರಕ್ತದ ಉಪ್ಪಿನಂಶ ಇಳಿದು ತಲೆ ತಿರುಗಿ, ಆಸ್ಪತ್ರೆ ಸೇರಿದವರಿದ್ದಾರೆ. ಉಪ್ಪು, ಸಕ್ಕರೆಯ ಲೆಕ್ಕವನ್ನು ತಾಲೀಮಿನಲ್ಲೇ ಕೂಡಿಸಿಕೊಳ್ಳಬೇಕು. ಕೊನೆಯ ಎರಡು ಮೂರು ವಾರ ತಾಲೀಮು ಕಡಿಮೆ ಮಾಡಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಓದಿದಂತೆ ಅಲ್ಲಿಗೆ ಹೋಗಿ ಓಡಿದರೆ ಕಾಲು ಕೈಕೊಡುತ್ತದೆ.

ಇನ್ನು ಸೈಕಲ್ಲು. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಪೆಟ್ಟಿಗೆಯಲ್ಲಿಟ್ಟು ವಿಮಾನಕ್ಕೆ ಹಾಕಬೇಕು. ಇದನ್ನು ಮನೆಯಲ್ಲಿ ಎರಡು ಸಲ ಬಿಚ್ಚಿ ಜೋಡಿಸಿ ಕಲಿಯದವನು ಪರದೇಶದ ಹೋಟೆಲ್ ಕೋಣೆಯಲ್ಲಿ ಬೋಲ್ಟು ಹುಡುಕುತ್ತ ರಾತ್ರಿ ಕಳೆಯುತ್ತಾನೆ. ಎಡಗಡೆ ಪೆಡಲ್ ಉಲ್ಟಾ ತಿರುಗುತ್ತದೆಂಬುದು ಸೈಕಲ್ ಶಾಪಿನ ಹುಡುಗನಿಗೆ ಗೊತ್ತು, ಇಂಜಿನಿಯರಿಗೆ ಗೊತ್ತಿರಬೇಕೆಂದಿಲ್ಲ! ಗಾಳಿ ತುಂಬುವ ಪುಟ್ಟ ಗ್ಯಾಸ್ ಸಿಲಿಂಡರನ್ನು ವಿಮಾನದವರನ್ನು ಕೇಳದೆ ಒಯ್ಯುವಂತಿಲ್ಲ. ಅಲ್ಲಿ ಇಳಿದರೆ ರಸ್ತೆಯ ಬಲಕ್ಕೆ ಹೋಗಬೇಕು. ಬಾಡಿಗೆ ಸೈಕಲ್ಲಾದರೆ ಎಡಗೈಯ ಬ್ರೇಕು ಸಾಮಾನ್ಯವಾಗಿ ಮುಂದಿನ ಚಕ್ರದ್ದು. ಅಭ್ಯಾಸಬಲದಿಂದ ಗಟ್ಟಿ ಹಿಡಿದರೆ ಮುಗ್ಗರಿಸುವುದೇ ಸೈ.

ಗಡಿಯಾರವೂ ತಲೆಕೆಳಗು. ಬೆಳಿಗ್ಗೆ 7ಕ್ಕೆ ನೀರಿಗಿಳಿದವನಿಗೆ ಕೋನಾದಲ್ಲಿ ನಡುರಾತ್ರಿ 12ಕ್ಕೆ ಗಡುವು. ಆಗ ಬೆಂಗಳೂರಿನಲ್ಲಿ ಮಧ್ಯಾಹ್ನ ಮೂರೂವರೆ. ಮನೆಯವರು ಊಟದ ತಟ್ಟೆಯನ್ನೂ ಎತ್ತದೆ ಮೊಬೈಲ್ ನೋಡುತ್ತ ಕೂತಿರುತ್ತಾರೆ.