ಬೇಲಿ ಯಾರಿಗಾಗಿ?

ಕಾಮರ್ಸ್ ಓದುವ ಗೆಳೆಯರಿಗೆ ‘ಟೇಕೋವರ್’ ಅನ್ನೋ ಮಾತು ಹೊಸದಲ್ಲ. ಆಡಳಿತ ಮಂಡಳಿ ಬೇಡವೆಂದರೂ ಹೊರಗಿನವನು ನೇರವಾಗಿ ಷೇರುದಾರರ ಬಳಿಗೇ ಹೋಗಿ, ಪೇಟೆಗಿಂತ ಹೆಚ್ಚಿನ ಬೆಲೆಗೆ ಷೇರು ಕೊಂಡು ಕಂಪನಿಯ ಯಜಮಾನನಾಗುವುದು ಬಲವಂತದ ಟೇಕೋವರ್. ಇದನ್ನು ತಡೆಯಲು ಕಂಪನಿಗಳು ಬೇಲಿ ಹಾಕಿಕೊಳ್ಳುತ್ತವೆ. ಅವುಗಳಲ್ಲಿ ಹೆಸರಾದದ್ದು ‘ಪಾಯ್ಸನ್ ಪಿಲ್’, ಅಂದರೆ ವಿಷದ ಗುಳಿಗೆ. ನ್ಯೂಯಾರ್ಕಿನ ವಕೀಲ ಮಾರ್ಟಿನ್ ಲಿಪ್ಟನ್ 1982ರಲ್ಲಿ ಹೊಸೆದ ಉಪಾಯ. ಹೊರಗಿನವನ ಪಾಲು ಗೊತ್ತಾದ ಮಿತಿ ದಾಟಿತೋ, ಉಳಿದ ಷೇರುದಾರರಿಗೆಲ್ಲ ಹೊಸ ಷೇರು ಅಗ್ಗದಲ್ಲಿ ಸಿಗುತ್ತದೆ. ಅವನ ಪಾಲು ತಾನಾಗಿ ಕರಗುತ್ತದೆ.

ಇದಕ್ಕೂ ಕಾಡಿಗೂ ಏನು ಸಂಬಂಧ? ಕ್ಯಾಲಿಫೋರ್ನಿಯಾದ ಪೆಸಿಫಿಕ್ ಲಂಬರ್ ಕಂಪನಿಯ ಕತೆ ನೋಡಿ. ರೆಡ್‌ವುಡ್ ಮರಗಳ ದೊಡ್ಡ ಕಾಡು ಅದರದ್ದು. ಕಾಡು ತಲೆಮಾರುಗಟ್ಟಲೆ ಬಾಳಬೇಕೆಂದು ನಿಧಾನವಾಗಿ ಕಡಿಯುತ್ತಿದ್ದರು, ಸಾಲ ಕಡಿಮೆ, ಕೆಲಸಗಾರರ ಪಿಂಚಣಿ ನಿಧಿ ತುಂಬಿತ್ತು. ಈ ಒಳ್ಳೆಯತನವೇ ಮುಳುವಾಯಿತು. 1985ರಲ್ಲಿ ಚಾರ್ಲ್ಸ್ ಹರ್ವಿಟ್ಜರ ಮ್ಯಾಕ್ಸಾಮ್ ಕಂಪನಿ ಕಣ್ಣು ಹಾಕಿತು. ಆಡಳಿತ ಮಂಡಳಿ ಮೊದಲು ಸೆಣಸಿತು. ಷೇರಿಗೆ 40 ಡಾಲರ್ ಎಂದಾಗ ಒಪ್ಪಿತು. ಕೊಂಡ ಹಣದ ಬಹುಪಾಲು ಹೆಚ್ಚು ಬಡ್ಡಿಯ ‘ಜಂಕ್ ಬಾಂಡ್’ ಸಾಲ. ಅದನ್ನು ತೀರಿಸುವವರು ಯಾರು? ಮರಗಳು! ಕಡಿತ ಸುಮಾರು ಎರಡರಷ್ಟಾಯಿತು. ಪಿಂಚಣಿ ನಿಧಿಯ ಹೆಚ್ಚುವರಿಯನ್ನೂ ಬಾಚಿಕೊಂಡರು. 1999ರಲ್ಲಿ ಹೆಡ್‌ವಾಟರ್ಸ್ ಎಂಬ ಹಳೆಯ ಕಾಡನ್ನು ಉಳಿಸಲು ಸರ್ಕಾರಗಳು ಸುಮಾರು 48 ಕೋಟಿ ಡಾಲರ್ ತೆರಬೇಕಾಯಿತು. 2007ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಹಾಗಾದರೆ ಬೇಲಿ ಗಟ್ಟಿಯಿದ್ದರೆ ಸಾಕೇ? ಸಾಲದು. ಹೊಳೆಗೆ ವಿಷ ಬಿಡುವ ಕಾರ್ಖಾನೆಯ ಡೈರೆಕ್ಟರನಿಗೂ ಅದೇ ಬೇಲಿ ಕಾವಲು ಕಾಯುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂತಾರಲ್ಲ, ಹಾಗೆ. ಅದೇ 1985ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಸುಪ್ರೀಂ ಕೋರ್ಟು ಯುನೋಕಾಲ್ ಮೊಕದ್ದಮೆಯಲ್ಲಿ, ಬೇಲಿ ಹಾಕುವಾಗ ಕೆಲಸಗಾರರ, ಗಿರಾಕಿಗಳ, ಊರಿನ ಹಿತವನ್ನೂ ಗಮನಿಸಬಹುದು ಎಂದಿತು. ಮರುವರ್ಷ ರೆವ್ಲಾನ್ ಮೊಕದ್ದಮೆಯಲ್ಲಿ, ಕಂಪನಿ ಮಾರಾಟಕ್ಕೇ ನಿಂತ ಮೇಲೆ ಷೇರುದಾರರಿಗೆ ಸಿಗುವ ಬೆಲೆಯೇ ಮುಖ್ಯ ಎಂದಿತು.

‘ಗಮನಿಸಬಹುದು’ ಎಂಬುದಕ್ಕೂ ‘ಗಮನಿಸಲೇಬೇಕು’ ಎಂಬುದಕ್ಕೂ ಅಜಗಜಾಂತರ. ನಮ್ಮ 2013ರ ಕಂಪನಿ ಕಾಯ್ದೆಯ 166ನೇ ಕಲಮು ಕೆಲಸಗಾರರು, ಸಮುದಾಯ, ಪರಿಸರ ಇವನ್ನೆಲ್ಲ ಡೈರೆಕ್ಟರರ ಕರ್ತವ್ಯದಲ್ಲೇ ಸೇರಿಸಿದೆ. ಒಳಗಿರುವವರು ಈ ಕರ್ತವ್ಯಕ್ಕೆ ಲೆಕ್ಕ ಒಪ್ಪಿಸುವಂತಿದ್ದರೆ ಮಾತ್ರ ಬೇಲಿ ಕಾಡನ್ನು ಕಾಯುತ್ತದೆ. ಇಲ್ಲವಾದರೆ ಬರೀ ಕುರ್ಚಿಯನ್ನು.