ಸಂಡೂರಿನ ಮ್ಯಾಂಗನೀಸ್ ಮತ್ತು ಸೆರಾಮಿಕ್ ಇಂಧನ ಕೋಶ

ಸಂಡೂರಿನ ಗಣಿಗಳಿಂದ ಹೊರಡುವ ಮ್ಯಾಂಗನೀಸ್ ಅದಿರಿಗೆ ಉಕ್ಕಿನ ಉದ್ಯಮವೇ ಪ್ರಧಾನ ಗ್ರಾಹಕ. ಹೊಸಪೇಟೆ ಸಮೀಪದ ವ್ಯಾಸನಕೆರೆಯ ಫೆರೋ ಅಲಾಯ್ ಘಟಕ ನಿಂತಿರುವುದೂ ಈ ಬೇಡಿಕೆಯ ಮೇಲೆಯೇ. ಇದೇ ಲೋಹವು ಅತ್ಯಲ್ಪ ಪ್ರಮಾಣದಲ್ಲಿ, ಅತಿ ಶುದ್ಧ ರೂಪದಲ್ಲಿ, ಸೆರಾಮಿಕ್ ಇಂಧನ ಕೋಶಗಳಲ್ಲಿಯೂ ಬಳಕೆಯಾಗುತ್ತದೆ. ಅದಿರಿನ ದರ ಏರುವಷ್ಟು ಬೇಡಿಕೆ ಅದರಿಂದ ಬಾರದು. ಆದರೆ ಯಂತ್ರದ ಆಯುಷ್ಯಕ್ಕೆ ಅದು ಬೇಕು.

ಇಂಧನ ಕೋಶವು ಅನಿಲವನ್ನು ಉರಿಸದೆ ನೇರವಾಗಿ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಯಿಟ್ರಿಯ ಬೆರೆಸಿದ ಜಿರ್ಕೋನಿಯದ ತೆಳುಪದರವೇ ಇಲ್ಲಿ ಎಲೆಕ್ಟ್ರೋಲೈಟ್. ಸುಮಾರು 700ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಆಮ್ಲಜನಕದ ಅಯಾನುಗಳನ್ನು ಹಾಯಗೊಡುತ್ತದೆ. ಅದರ ಒಂದು ಮಗ್ಗುಲಿಗೆ ನಿಕ್ಕಲ್ ಬೆರೆತ ಎಲೆಕ್ಟ್ರೋಡ್. ಗಾಳಿಯ ಮಗ್ಗುಲಿಗೆ, ಹಲವು ಮಾದರಿಗಳಲ್ಲಿ, ಲ್ಯಾಂಥನಮ್, ಸ್ಟ್ರಾನ್ಷಿಯಂ, ಮ್ಯಾಂಗನೀಸ್‌ಗಳ ಸಂಯುಕ್ತ. 1937ರಲ್ಲಿಯೇ ಬೌರ್ ಮತ್ತು ಪ್ರೈಸ್ ಎಂಬ ವಿಜ್ಞಾನಿಗಳು ಇಂತಹ ಕೋಶವನ್ನು ನಡೆಸಿ ತೋರಿಸಿದ್ದರು. ಅದು ಮಾರುಕಟ್ಟೆ ಕಾಣಲು ದಶಕಗಳೇ ಹಿಡಿದವು. ಎಲೆಕ್ಟ್ರೋಡೂ ಎಲೆಕ್ಟ್ರೋಲೈಟೂ ಕೂಡುವ ಸಂಧಿಯೇ ಈ ವಿಳಂಬಕ್ಕೆ ಒಂದು ದೊಡ್ಡ ಕಾರಣ. ಈ ಎರಡೂ ಅನಿಲವನ್ನು ಸಂಧಿಸುವ ಅಂಚಿನಲ್ಲಿಯೇ ಬಹುಮಟ್ಟಿಗೆ ರಾಸಾಯನಿಕ ಕ್ರಿಯೆ ನಡೆಯುತ್ತದೆ. ಗೋದಾಮು ಎಷ್ಟು ವಿಶಾಲವಾಗಿದ್ದರೇನು, ಬಾಗಿಲು ಕಿರಿದಾದರೆ ಸರಕು ಹೊರಡದು.

ಈ ಬಾಗಿಲು ಮುಚ್ಚಿಹೋಗುವ ಬಗೆಗಳು ಹಲವು. ತಯಾರಿಕೆಯಲ್ಲಿ ಶಾಖ ಮಿತಿಮೀರಿದರೆ ಲ್ಯಾಂಥನಮ್ ಜಿರ್ಕೋನಿಯದೊಡನೆ ಕೂಡಿ ವಿದ್ಯುತ್ತಿಗೆ ಅಡ್ಡಿಯಾಗುವ ಪದರವೊಂದನ್ನು ಕಟ್ಟುತ್ತದೆ. ಲ್ಯಾಂಥನಮ್ಮನ್ನು ತುಸು ತಗ್ಗಿಸಿ ಮ್ಯಾಂಗನೀಸ್ ಪಾಲನ್ನು ಹೆಚ್ಚಿಸಿದರೆ ಈ ದೋಷ ಬಹಳಷ್ಟು ಕಡಿಮೆಯಾಗುತ್ತದೆ. ಕೋಶಗಳನ್ನು ಜೋಡಿಸುವ ಉಕ್ಕಿನ ಫಲಕಗಳಿಂದ ಏಳುವ ಕ್ರೋಮಿಯಂ ಆವಿ ಗಾಳಿಯ ಮಗ್ಗುಲನ್ನು ಕೆಡಿಸಿದರೆ, ಇಂಧನದಲ್ಲಿನ ಗಂಧಕ ನಿಕ್ಕಲನ್ನು ಕೆಡಿಸುತ್ತದೆ. ಯಾವ ನಷ್ಟ ಎಲ್ಲಿಯದೆಂದು ಅರಿಯಲು ಸಂಶೋಧಕರು ಬೇರೆ ಬೇರೆ ಆವರ್ತನದ ಪರ್ಯಾಯ ವಿದ್ಯುತ್ತನ್ನು ಹಾಯಿಸಿ ಪ್ರತಿರೋಧವನ್ನು ಅಳೆಯುತ್ತಾರೆ. ಒಟ್ಟು ಖರ್ಚನ್ನು ಬಾಬ್ತುವಾರು ಬಿಡಿಸಿ ಬರೆದಂತೆ. ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯಲ್ಲಿ ಈ ಕೋಶಗಳ ಕುರಿತು ದೀರ್ಘಕಾಲದ ಕೆಲಸ ನಡೆದಿದೆ.

2018ರಲ್ಲಿ ಬ್ಲೂಮ್ ಎನರ್ಜಿ ಕಂಪನಿಯು ಬೆಂಗಳೂರಿನ ಇಂಟೆಲ್ ಕೇಂದ್ರಕ್ಕೆ, ನೈಸರ್ಗಿಕ ಅನಿಲದಿಂದ ನಡೆಯುವ ಇಂತಹ ಘಟಕಗಳನ್ನು ಒದಗಿಸುವುದಾಗಿ ಪ್ರಕಟಿಸಿತು. ಹಂಪಿಯ ಪ್ರವಾಸಿಗರನ್ನು ನೆಚ್ಚಿದ ಹೋಟೆಲುಗಳಿಗೆ ಸದ್ದು ಕಡಿಮೆ, ಹೊಗೆಯಿಲ್ಲ ಎಂಬ ಗುಣ ಹಿಡಿಸದಿರದು. ಆದರೆ ಕರೆಂಟ್ ಹೋದಾಗ ಮಾತ್ರ ನಡೆಸುವ ಡೀಸೆಲ್ ಜನರೇಟರಿನ ಸ್ಥಾನಕ್ಕೆ ಇದು ಒಗ್ಗುವುದಿಲ್ಲ. ಪದರಗಳು ಶಾಖಕ್ಕೆ ಹಿಗ್ಗುವ ಪ್ರಮಾಣ ಒಂದೇ ಅಲ್ಲವಾದ್ದರಿಂದ, ಪದೇ ಪದೇ ಕಾಯಿಸಿ ಆರಿಸಿದರೆ ಸಂಧಿ ಬಿರಿಯುತ್ತದೆ. ಹಂಗಾಮಿನಲ್ಲಿ ಮಾತ್ರ ನಡೆಯುವ ಕಂಪ್ಲಿಯ ಅಕ್ಕಿ ಗಿರಣಿಗೂ ಇದೇ ಎಣಿಕೆ. ಹೊಟ್ಟಿನಿಂದ ಅನಿಲ ತೆಗೆಯುವುದಾದರೆ ಡಾಂಬರು, ಗಂಧಕಗಳನ್ನು ಶೋಧಿಸುವ ವೆಚ್ಚವೂ ಸೇರುತ್ತದೆ.

ಲೆಕ್ಕದ ದೃಷ್ಟಿಯಿಂದ, ಕೋಶಗಳ ಅಟ್ಟಿಯ ಆಯುಷ್ಯ ಉಳಿದ ಯಂತ್ರಭಾಗಕ್ಕಿಂತ ಕಡಿಮೆ. ಬೆಲೆ ಗಣನೀಯವಾಗಿದ್ದಲ್ಲಿ 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯಂತೆ ಅದಕ್ಕೆ ಪ್ರತ್ಯೇಕ ಸವಕಳಿ ಹಾಕಬೇಕಾಗುತ್ತದೆ. ದರಪಟ್ಟಿ ತರಿಸುವವರು ಪ್ರತಿ 1000 ಗಂಟೆಗೆ ಉತ್ಪಾದನೆ ಶೇಕಡಾ ಎಷ್ಟು ಕುಗ್ಗುವುದು, ಎಷ್ಟು ಬಾರಿ ನಿಲ್ಲಿಸಿ ಚಾಲೂ ಮಾಡಬಹುದು, ಅಟ್ಟಿ ಬದಲಿಸುವ ವೆಚ್ಚ ಯಾರದು ಎಂಬ ಮೂರನ್ನೂ ಕರಾರಿನಲ್ಲಿಯೇ ಬರೆಸಿಕೊಳ್ಳತಕ್ಕದ್ದು.